ಯಾರಿಗೂ ಕೆಟ್ಟದ್ದು ಮಾಡದವರೂ ಪಾಪಿಗಳೇ? ಕ್ರೈಸ್ತರು ಯಾರಾದರೂ ಬಿಡಿಸಿ ಹೇಳಿ

ಪ್ರಶ್ನೆ: ಗದಗಿನ ಮಗಳು

ಎಲ್ಲರಿಗೂ ನಮಸ್ಕಾರ. ನಾನು ಹುಟ್ಟಿ ಬೆಳೆದದ್ದು ಗದಗ ಹತ್ತಿರದ ಒಂದು ಲಿಂಗಾಯತ ಮನೆಯಲ್ಲಿ. ಮದುವೆಯಾಗಿ ಬಂದದ್ದು ಧಾರವಾಡದ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ ಅನ್ನುವ ಪ್ರಾಟೆಸ್ಟೆಂಟ್) ಸಭೆಯ ಮನೆಗೆ. ನಾನು ದೀಕ್ಷಾಸ್ನಾನ ತಗೊಂಡಿಲ್ಲ. ತಗೋ ಅಂತ ಗಂಡನೂ ಒತ್ತಾಯ ಮಾಡಿಲ್ಲ, ಅತ್ತೆಯವರೂ ಮಾಡಿಲ್ಲ. ಆದರೂ ಭಾನುವಾರ ಅತ್ತೆಯ ಜೊತೆ ಚರ್ಚಿಗೆ ಹೋಗುತ್ತೇನೆ. ಹಾಡುಗಳು ತುಂಬಾ ಇಷ್ಟ. ಅಯ್ಯನವರ, ಅಂದ್ರೆ ಪಾದ್ರಿಯವರ, ಪ್ರಸಂಗವೂ ಎಷ್ಟೋ ಸಲ ಮನಸ್ಸಿಗೆ ನಾಟುತ್ತದೆ.

ನಾನು ಸಿಕ್ಕಿಕೊಳ್ಳುವುದು ಒಂದು ಜಾಗದಲ್ಲಿ. ಆರಾಧನೆ ಶುರುವಾದ ಸ್ವಲ್ಪ ಹೊತ್ತಿಗೆ ಎಲ್ಲರೂ ಸೇರಿ ಪಾಪದ ಅರಿಕೆ ಹೇಳುತ್ತಾರೆ. ಯೋಚನೆಯಲ್ಲಿ, ಮಾತಿನಲ್ಲಿ, ನಡತೆಯಲ್ಲಿ ಪಾಪ ಮಾಡಿದ್ದೇವೆ ಅಂತ. ನಮ್ಮ ಅತ್ತೆಯವರೂ ಕಣ್ಣು ಮುಚ್ಚಿ ಹೇಳುತ್ತಾರೆ. ಅವರು ನರ್ಸ್ ಆಗಿ ದುಡಿದು ನಿವೃತ್ತಿ ಆದವರು. ಈಗಲೂ ಓಣಿಯಲ್ಲಿ ಯಾರಿಗೆ ಹುಷಾರಿಲ್ಲ ಅಂದರೂ ಮೊದಲು ಹೋಗುವುದು ಅವರೇ. ಅಂಥವರು ರಾತ್ರಿ ಪ್ರಾರ್ಥನೆಯಲ್ಲಿ "ನಾನು ದೊಡ್ಡ ಪಾಪಿ, ಕರ್ತನೇ" ಅನ್ನುತ್ತಾರೆ. ನನಗೆ ಕೇಳಿಸಿಕೊಳ್ಳುವುದಕ್ಕೇ ಸಂಕಟ. ಇವರು ಪಾಪಿ ಅಂದ್ರೆ ಇನ್ನು ಪಾಪಿಯಲ್ಲದವರು ಯಾರು?

ನಾನು ಕಳಬೇಡ, ಕೊಲಬೇಡ ಅಂತ ಕೇಳಿಕೊಂಡೇ ದೊಡ್ಡವಳಾದವಳು. ಯಾರ ಗಂಟೂ ತಿಂದಿಲ್ಲ. ಯಾರ ಮನೆಯನ್ನೂ ಮುರಿದಿಲ್ಲ. ನನ್ನನ್ನು ಪಾಪಿ ಅಂದಾಗ, ಮಾಡದ ತಪ್ಪಿಗೆ ಸಹಿ ಹಾಕು ಅಂದ ಹಾಗೆ ಅನಿಸುತ್ತದೆ.

ಇನ್ನೊಂದು ವಿಷಯ. ಯೇಸು ನಮ್ಮ ಪಾಪಕ್ಕಾಗಿ ಸತ್ತರು ಅನ್ನುತ್ತಾರೆ. ಮಾಡಿದ್ದುಣ್ಣೋ ಮಹರಾಯ ಅಂತ ನಂಬಿದವಳು ನಾನು. ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ಉಣ್ಣುವುದು ಹೇಗೆ? ಅದೂ ತಪ್ಪೇ ಮಾಡದವರು? ಅದರಲ್ಲಿ ನ್ಯಾಯ ಎಲ್ಲಿ?

ಕೊನೆಯದು ಕೇಳುವುದು ಕಷ್ಟ, ಆದರೂ ಕೇಳುತ್ತೇನೆ. ನಮ್ಮ ಅಪ್ಪ ತೀರಿಕೊಂಡಿದ್ದಾರೆ. ಹಳ್ಳಿಯಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದರು. ಬರ ಬಿದ್ದ ವರ್ಷ ಉದ್ರಿ ಬರೆದಿಟ್ಟ ಹಾಳೆಗಳನ್ನು ಹರಿದು ಒಲೆಗೆ ಹಾಕಿದವರು. ಬೆಳಿಗ್ಗೆ ಲಿಂಗಪೂಜೆ ಆಗದೆ ನೀರು ಕುಡಿಯುತ್ತಿರಲಿಲ್ಲ. ಯೇಸುವನ್ನು ನಂಬಿದವರಿಗೆ ಮಾತ್ರ ರಕ್ಷಣೆ ಅಂದ್ರೆ ನಮ್ಮ ಅಪ್ಪನ ಗತಿ ಏನು? ಸಂಡೇ ಸ್ಕೂಲಿನಿಂದ ಬಂದ ನನ್ನ ಮಗಳು "ಅಮ್ಮಾ, ಗದಗಿನ ಅಜ್ಜ ಪರಲೋಕದಲ್ಲಿ ಇದ್ದಾರಾ?" ಅಂತ ಕೇಳಿದಳು. ನಾನು ಉತ್ತರ ಕೊಡದೆ ಅಡುಗೆ ಮನೆಗೆ ಹೋದೆ.

ವಾದ ಮಾಡುವುದಕ್ಕೆ ಕೇಳುತ್ತಿಲ್ಲ. ಅತ್ತೆಯವರನ್ನು ಕೇಳಿದರೆ ಅವರಿಗೆ ನೋವಾಗಬಹುದು ಅಂತ ಇಲ್ಲಿ ಕೇಳುತ್ತಿದ್ದೇನೆ. ಸುಮ್ನೆ ವಾಕ್ಯ ಬರೆದು ಹೋಗಬೇಡಿ, ಅರ್ಥ ಆಗುವ ಹಾಗೆ ಹೇಳಿ.

ಉತ್ತರ: ಉಡುಪಿಯ ಮೇಷ್ಟ್ರು

ಅಮ್ಮಾ, ನಮಸ್ಕಾರ. ನಾನು ಶಾಲೆಯಲ್ಲಿ ಕನ್ನಡ ಕಲಿಸಿದವನು, ಚರ್ಚಿನಲ್ಲಿ ಸಂಡೇ ಸ್ಕೂಲ್ ಮತ್ತು ದೃಢೀಕರಣದ (ದೀಕ್ಷಾಸ್ನಾನ ಆದವರು ತಮ್ಮ ನಂಬಿಕೆಯನ್ನು ಸಭೆಯ ಮುಂದೆ ತಾವೇ ಒಪ್ಪಿಕೊಳ್ಳುವ ವಿಧಿ) ಮಕ್ಕಳಿಗೆ ಪಾಠ ಮಾಡಿದವನು. ನಮ್ಮದು ಸ್ವಿಟ್ಜರ್ಲೆಂಡಿನಿಂದ ಬಂದ ಬಾಸೆಲ್ ಮಿಷನ್ ಕಾಲದ ಪ್ರಾಟೆಸ್ಟೆಂಟ್ ಮನೆತನ. ಅಜ್ಜ ಮಿಷನ್ನಿನ ಹೆಂಚಿನ ಕಾರ್ಖಾನೆಯಲ್ಲಿ ದುಡಿದವರು. ನಿಮ್ಮ ಪ್ರಶ್ನೆಯನ್ನು ದೃಢೀಕರಣದ ಮಕ್ಕಳು ನನಗೂ ಕೇಳಿದ್ದಾರೆ. ಆದರೆ ಇಷ್ಟು ಬಿಚ್ಚಿ ಯಾರೂ ಕೇಳಿರಲಿಲ್ಲ.

ಮೊದಲು ಒಂದು ಮಾತು. ಪಾಪ ಅನ್ನುವುದನ್ನು ಬೆತ್ತದ ಹಾಗೆ ಬೀಸುವ ಪ್ರಸಂಗಿಗಳು ಇದ್ದಾರೆ. ಅದು ನನಗೆ ಒಪ್ಪಿಗೆಯಿಲ್ಲ. ಯೇಸುಸ್ವಾಮಿ ಹಾಗೆ ಮಾಡಿದ್ದನ್ನು ನಾನು ಸುವಾರ್ತೆಯಲ್ಲಿ ಓದಿಲ್ಲ. ಅವರು ಗದರಿದ್ದೆಲ್ಲ ಹೆಚ್ಚಾಗಿ ತಾವೇ ಸರಿ ಅಂದುಕೊಂಡವರನ್ನು. ಸುಂಕದವರ ಜೊತೆ, ಊರು ದೂರ ಇಟ್ಟವರ ಜೊತೆ ಕೂತು ಊಟ ಮಾಡಿದರು.

ನೀವು ಪಾಪ ಅಂದಾಗ ಮಾಡಿದ ಕೆಟ್ಟ ಕೆಲಸಗಳ ಪಟ್ಟಿಯನ್ನು ನೆನೆಯುತ್ತಿದ್ದೀರಿ. ಆ ಪಟ್ಟಿಯಲ್ಲಿ ನಿಮ್ಮ ಹೆಸರಿನ ಮುಂದೆ ಹೆಚ್ಚೇನೂ ಇಲ್ಲ. ನಾನು ನಂಬುತ್ತೇನೆ. ಆದರೆ ಬೈಬಲ್ ಪಾಪ ಅನ್ನುವುದು ಆ ಪಟ್ಟಿಗಿಂತ ಹಿಂದಿನ ಒಂದು ಸ್ಥಿತಿಯನ್ನು. ದೇವರು ನಮ್ಮನ್ನು ಉಂಟುಮಾಡಿದ್ದು ತನ್ನ ಜೊತೆ ಇರಲಿ ಅಂತ. ನಾವು ಅವರಿಲ್ಲದೆಯೇ ಬದುಕುತ್ತೇವೆ ಅಂತ ಹೊರಟೆವು. ಆದಿಕಾಂಡದ 3ನೇ ಅಧ್ಯಾಯ ಓದಿ. ಹಣ್ಣು ತಿಂದದ್ದಕ್ಕಿಂತ ಆಮೇಲೆ ನಡೆದದ್ದನ್ನು ನೋಡಿ. ಅವಿತುಕೊಳ್ಳುತ್ತಾರೆ. ಆದಾಮ ಹೆಂಡತಿಯ ಮೇಲೆ ಹಾಕುತ್ತಾನೆ. "ನೀನು ಕೊಟ್ಟ ಹೆಂಗಸು" ಅಂತ ದೇವರ ಮೇಲೂ ಸ್ವಲ್ಪ ಹೊರಿಸುತ್ತಾನೆ. ಅವಳು ಹಾವಿನ ಮೇಲೆ ಹಾಕುತ್ತಾಳೆ. ದೇವರಿಂದ ದೂರ ಆದ ಕೂಡಲೇ ಗಂಡ ಹೆಂಡತಿ ನಡುವೆಯೂ ಬಿರುಕು. ಇದು ಎಲ್ಲ ಮನೆಗಳ ಕಥೆ, ಅಲ್ವಾ? ಯಾರೂ ಕಲಿಸದೇ ಇದ್ದರೂ ಮಕ್ಕಳು ಇದನ್ನು ಕಲಿತುಬಿಡುತ್ತಾರೆ.

ಒಳ್ಳೆಯವರ ವಿಷಯಕ್ಕೆ ಬರುತ್ತೇನೆ. ಲೂಕನ 15ನೇ ಅಧ್ಯಾಯದಲ್ಲಿ ಇಬ್ಬರು ಗಂಡುಮಕ್ಕಳ ಕಥೆ ಇದೆ. ಕಿರಿಯವನು ಆಸ್ತಿ ಪಾಲು ಮಾಡಿಸಿಕೊಂಡು ಹೋಗಿ ಹಾಳು ಮಾಡಿದ. ಹಂದಿ ಮೇಯಿಸುವ ಸ್ಥಿತಿಗೆ ಬಂದು ಮನೆಗೆ ತಿರುಗಿದ. ಅಪ್ಪ ಓಡಿ ಹೋಗಿ ತಬ್ಬಿಕೊಂಡ. ಈ ಭಾಗ ಎಲ್ಲರಿಗೂ ಗೊತ್ತು. ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ದೊಡ್ಡ ಮಗ ಹೊಲದಿಂದ ಬಂದ. ಒಳಗೆ ಹಾಡು ಕುಣಿತ ಕೇಳಿ ಅಂಗಳದಲ್ಲೇ ನಿಂತ. ಇಷ್ಟು ವರ್ಷ ನಿನಗೆ ಚಾಕರಿ ಮಾಡಿದೆ, ನಿನ್ನ ಮಾತು ಮೀರಲಿಲ್ಲ, ನನಗೆ ಒಂದು ಆಡುಮರಿಯನ್ನೂ ಕೊಡಲಿಲ್ಲ ಅಂದ. ಅವನು ಹೇಳಿದ್ದು ಸುಳ್ಳಲ್ಲ. ಅವನು ಯಾವ ಕೆಟ್ಟದ್ದೂ ಮಾಡಿರಲಿಲ್ಲ. ಆದರೂ ಮನೆಯ ಹೊರಗೆ ನಿಂತವನು ಅವನೇ. ತಮ್ಮನನ್ನು ತಮ್ಮ ಅನ್ನಲೂ ಅವನಿಗೆ ಮನಸ್ಸು ಬರಲಿಲ್ಲ, "ಈ ನಿನ್ನ ಮಗ" ಅಂದ. ಅಪ್ಪನ ಮನೆಯಲ್ಲೇ ಇದ್ದು ಅಪ್ಪನ ಮನಸ್ಸು ಅವನಿಗೆ ಬಂದಿರಲಿಲ್ಲ.

ಅಪ್ಪ ಹೊರಗೆ ಬಂದು ಅವನನ್ನೂ ಬೇಡಿಕೊಂಡ. ಅವನು ಒಳಗೆ ಹೋದನೋ ಇಲ್ಲವೋ, ಯೇಸು ಹೇಳಲೇ ಇಲ್ಲ. ಕಥೆ ಕೇಳುತ್ತಿದ್ದ ಫರಿಸಾಯರು (ಧರ್ಮದ ಕಟ್ಟಳೆಗಳನ್ನು ಬಿಗಿಯಾಗಿ ಪಾಲಿಸುತ್ತಿದ್ದ ಯೆಹೂದ್ಯರು) ತಾವೇ ಆ ದೊಡ್ಡ ಮಗ ಅಂತ ತಿಳಿದುಕೊಳ್ಳಲಿ ಅಂತ ಬಾಗಿಲು ತೆರೆದೇ ಬಿಟ್ಟರು. ಎಲ್ಲರೂ ಪಾಪಿಗಳು ಅನ್ನುವ ಮಾತು ನನಗೆ ಸರಿಯಾಗಿ ಅರ್ಥ ಆದದ್ದು ಈ ದೊಡ್ಡ ಮಗನಿಂದ, ಚಿಕ್ಕವನಿಂದಲ್ಲ.

ಮಾಡದೆ ಬಿಟ್ಟದ್ದೂ ಇದೆ. ಅದೇ ಲೂಕನ 16ನೇ ಅಧ್ಯಾಯದ ಐಶ್ವರ್ಯವಂತ ಬಡ ಲಾಜರನನ್ನು ಹೊಡೆಯಲಿಲ್ಲ, ಬೈಯಲಿಲ್ಲ, ಓಡಿಸಲೂ ಇಲ್ಲ. ಲಾಜರ ಅವನ ಬಾಗಿಲಲ್ಲೇ ಬಿದ್ದಿದ್ದ. ಅವನು ದಿನಾ ಉಂಡು ಮಲಗಿದ. ಅಷ್ಟೇ ಅವನು ಮಾಡಿದ್ದು.

ಈಗ ನಿಮ್ಮ ಅತ್ತೆಯವರ ಪ್ರಾರ್ಥನೆ. ಊರೂರು ಸುತ್ತಿ ಸಭೆ ಕಟ್ಟಿದ ಪೌಲನೂ ಪಾಪಿಗಳಲ್ಲಿ ನಾನೇ ಮುಖ್ಯನು ಅಂತ ತಿಮೊಥೆಗೆ ಬರೆದ ಮೊದಲ ಪತ್ರದಲ್ಲಿ ಹೇಳುತ್ತಾನೆ. ಅದು ತನ್ನನ್ನು ಹಳಿದುಕೊಳ್ಳುವ ಮಾತಲ್ಲ. ಅದೇ ಸಾಲಿನಲ್ಲಿ, ಪಾಪಿಗಳನ್ನು ರಕ್ಷಿಸುವುದಕ್ಕೇ ಕ್ರಿಸ್ತ ಯೇಸು ಲೋಕಕ್ಕೆ ಬಂದರು ಅಂತಲೂ ಇದೆ. ಅತ್ತೆಯವರು ಆ ಮಾತು ಹೇಳಿ ಅಳುತ್ತಾ ಮಲಗುತ್ತಾರಾ, ಹಗುರಾಗಿ ಮಲಗುತ್ತಾರಾ, ನೀವೇ ಗಮನಿಸಿ. ನನ್ನ ಅನುಭವದಲ್ಲಿ ಹಾಗೆ ಪ್ರಾರ್ಥನೆ ಮಾಡುವವರು ಹಗುರಾಗಿಯೇ ಏಳುತ್ತಾರೆ. ಕ್ಷಮಿಸುವವರು ಕೇಳುತ್ತಿದ್ದಾರೆ ಅನ್ನುವ ಧೈರ್ಯ ಇಲ್ಲದವರು ತಮ್ಮ ಪಾಪವನ್ನು ಬಾಯಿ ಬಿಟ್ಟು ಹೇಳುವುದೇ ಇಲ್ಲ.

ಮಾಡಿದ್ದುಣ್ಣೋ ಮಹರಾಯ ಅಂದಿರಿ. ಬೈಬಲಿನಲ್ಲೂ ಬಿತ್ತಿದ್ದನ್ನೇ ಕೊಯ್ಯಬೇಕು ಅಂತ ಇದೆ, ಗಲಾತ್ಯದವರಿಗೆ ಬರೆದ ಪತ್ರದಲ್ಲಿ. ಅಪ್ಪನ ಅಪರಾಧವನ್ನು ಮಗನು ಹೊರುವುದಿಲ್ಲ ಅಂತ ಯೆಹೆಜ್ಕೇಲನ 18ನೇ ಅಧ್ಯಾಯ ಹೇಳುತ್ತದೆ. ಆದರೆ ಕ್ಷಮೆ ಅಂತ ಇನ್ನೊಂದು ಇದೆ. ಅದು ಹೇಗೆ ಕೆಲಸ ಮಾಡುತ್ತದೆ ಅಂತ ನಿಮ್ಮ ಅಪ್ಪನೇ ತೋರಿಸಿದ್ದಾರೆ. ಬರದ ವರ್ಷ ಉದ್ರಿ ಹಾಳೆ ಹರಿದರು ಅಂದಿರಿ. ಆ ಜೋಳ, ಬೇಳೆ, ಎಣ್ಣೆಯ ದುಡ್ಡು ಎಲ್ಲಿ ಹೋಯಿತು? ತಾನಾಗಿ ಮಾಯ ಆಗಲಿಲ್ಲ. ಸಗಟು ಅಂಗಡಿಯವರಿಗೆ ಅಪ್ಪನೇ ಕೊಟ್ಟಿರಬೇಕು. ಸಾಲ ಮಾಡಿದವರು ಹಗುರಾದರು, ಭಾರ ಅಪ್ಪನ ಮೇಲೆ ಬಂತು. ಅವರು ಅದನ್ನು ಅನ್ಯಾಯ ಅನ್ನಲಿಲ್ಲ, ತಾವೇ ಹೊತ್ತರು. ಶಿಲುಬೆಯಲ್ಲಿ ನಡೆದದ್ದನ್ನು ನಾನು ಹೀಗೇ ಅರ್ಥ ಮಾಡಿಕೊಂಡಿದ್ದೇನೆ.

ಆದರೆ ಒಂದು ಷರತ್ತು. ಅಂಗಡಿಯವರೇ ಹೊತ್ತರೆ ಅದು ಕ್ಷಮೆ. ದಾರಿಯಲ್ಲಿ ಹೋಗುವವನನ್ನು ಹಿಡಿದು ಅವನಿಂದ ವಸೂಲಿ ಮಾಡಿದರೆ ಅದು ದರೋಡೆ. ಯೇಸು ದೇವರಲ್ಲದ ಬೇರೆ ಯಾರೋ ಆಗಿದ್ದರೆ ನಿಮ್ಮ ಆಕ್ಷೇಪಣೆಗೆ ನನ್ನಲ್ಲಿ ಉತ್ತರ ಇರುತ್ತಿರಲಿಲ್ಲ. 4ನೇ ಶತಮಾನದ ಸಭೆ ಇದಕ್ಕಾಗಿಯೇ ಅಷ್ಟು ಹೋರಾಡಿದ್ದು. ಅಲೆಕ್ಸಾಂಡ್ರಿಯದ ಅರಿಯಸ್ ಅನ್ನುವ ಬೋಧಕ, ಮಗನು ಎಷ್ಟೇ ದೊಡ್ಡವನಾದರೂ ದೇವರು ಉಂಟುಮಾಡಿದ ಸೃಷ್ಟಿಯೇ ಅಂತ ಕಲಿಸಿದ. 325ರಲ್ಲಿ ನೈಸಿಯಾದಲ್ಲಿ ಬಿಷಪ್ಪರು ಸೇರಿ, ಹಾಗಲ್ಲ, ಮಗನು ತಂದೆಯ ಸತ್ವವೇ ಅಂತ ತೀರ್ಮಾನ ಮಾಡಿದರು. ತಂದೆ, ಮಗ, ಪವಿತ್ರಾತ್ಮ ಅಂದ್ರೆ ಮೂರು ದೇವರಲ್ಲ, ಒಬ್ಬರೇ ದೇವರು. ಸಿಟ್ಟಾದ ದೇವರೊಬ್ಬರು, ಏಟು ತಿಂದವರು ಇನ್ನೊಬ್ಬರು ಅಂತ ಇಲ್ಲ. ಬರಬೇಕಾದ ಸಾಲ ಯಾರದ್ದೋ ಅವರೇ ಬಂದು ಹೊತ್ತರು. ತ್ರಯೈಕ ದೇವರು ಅನ್ನುವುದು ಪಂಡಿತರ ಲೆಕ್ಕ ಅಂತ ಎಷ್ಟೋ ಜನ ಬಿಟ್ಟುಬಿಡುತ್ತಾರೆ. ಅದನ್ನು ಬಿಟ್ಟರೆ ಶಿಲುಬೆ ನ್ಯಾಯವಾಗಿ ಉಳಿಯುವುದಿಲ್ಲ.

ಹಾಗಾಗಿ ರಕ್ಷಣೆ ಅಂದ್ರೆ ನಾವು ಸಂಪಾದಿಸುವುದಲ್ಲ. ಎಫೆಸದವರಿಗೆ ಬರೆದ ಪತ್ರದ 2ನೇ ಅಧ್ಯಾಯ, 8ರಿಂದ 10ನೇ ವಚನ ಒಟ್ಟಿಗೆ ಓದಬೇಕು. ಕೃಪೆಯಿಂದ, ನಂಬಿಕೆಯ ಮೂಲಕ, ಕ್ರಿಯೆಗಳಿಂದಲ್ಲ ಅಂತ ಮೊದಲು ಬರುತ್ತದೆ. ಒಳ್ಳೆಯ ಕೆಲಸಗಳಿಗಾಗಿಯೇ ನಮ್ಮನ್ನು ನಿರ್ಮಿಸಿದ್ದಾರೆ ಅಂತ ಕೂಡಲೇ ಬರುತ್ತದೆ. ಜಾಸ್ತಿ ಜನ 9ಕ್ಕೇ ನಿಲ್ಲಿಸುತ್ತಾರೆ. ನಿಮ್ಮ ಅತ್ತೆ ಓಣಿಯ ಜನರನ್ನು ನೋಡಿಕೊಳ್ಳುವುದು ಪರಲೋಕಕ್ಕೆ ಟಿಕೆಟ್ ತಗೊಳ್ಳುವುದಕ್ಕಲ್ಲ. ಸಿಕ್ಕಿದ್ದಕ್ಕೆ ಸಂತೋಷಪಟ್ಟು ಮಾಡುತ್ತಿದ್ದಾರೆ.

ಅಪ್ಪನ ವಿಷಯ ಬೇರೆ ಬರೆಯುತ್ತೇನೆ. ಅದನ್ನು ಅವಸರದಲ್ಲಿ ಬರೆಯಬಾರದು.

ಉತ್ತರ: ಹೊಸಜೀವ, ಬೆಂಗಳೂರು

ಸಿಸ್ಟರ್, ಪ್ರೈಸ್ ದ ಲಾರ್ಡ್. ಮೇಷ್ಟ್ರು ಚೆನ್ನಾಗಿ ಬರೆದಿದ್ದಾರೆ. ನಾನು ಪೆಂತೆಕೋಸ್ತ್ ಸಭೆಯವನು. ನಿಮ್ಮ ತಂದೆಯ ಬಗ್ಗೆ ಓದಿ ಗೌರವ ಬಂತು. ಆದರೂ ಒಂದನ್ನು ಹೇಳದೇ ಇರಲಾರೆ. ನಾನೇ ಮಾರ್ಗವು, ನನ್ನ ಮೂಲಕವೇ ಹೊರತು ಯಾರೂ ತಂದೆಯ ಬಳಿಗೆ ಬರುವುದಿಲ್ಲ ಅಂತ ಯೋಹಾನನ 14ನೇ ಅಧ್ಯಾಯದಲ್ಲಿ ಯೇಸುವೇ ಹೇಳಿದ್ದಾರೆ. ಅಪೊಸ್ತಲರ ಕೃತ್ಯಗಳು 4ರಲ್ಲಿ ಯೇಸುವಿನ ಶಿಷ್ಯ ಪೇತ್ರನೂ ಬೇರೆ ಹೆಸರಿಲ್ಲ ಅಂದ. ಇದನ್ನು ನಾವು ಮೆದು ಮಾಡಬಾರದು.

ಯಾಕೆ ಅಂತ ಹೇಳುತ್ತೇನೆ. ಒಳ್ಳೆಯತನದಿಂದಲೇ ದಾರಿ ಸಿಗುವುದಾಗಿದ್ದರೆ ಕ್ರಿಸ್ತ ಸಾಯಬೇಕಾಗಿರಲಿಲ್ಲ. ಗಲಾತ್ಯದವರಿಗೆ ಬರೆದ ಪತ್ರದ 2ನೇ ಅಧ್ಯಾಯದ ಕೊನೆಯ ಮಾತು ಇದೇ. ನಿಮ್ಮ ತಂದೆಗೆ ತೀರ್ಪು ಕೊಡುವ ಅಧಿಕಾರ ನನಗೆ ಇಲ್ಲ. ನಿಮಗೆ ಮಾತ್ರ ಹೇಳಬಲ್ಲೆ. ನೀವು ಕೇಳಿಸಿಕೊಂಡಿದ್ದೀರಿ. ಕರೆ ಬಂದಿದೆ. ಕಾಯಬೇಡಿ. ನಿಮಗೋಸ್ಕರ ಪ್ರಾರ್ಥನೆ ಮಾಡುತ್ತೇನೆ.

ಗದಗಿನ ಮಗಳು

ಮೇಷ್ಟ್ರೇ, ಉದ್ರಿ ಹಾಳೆಯ ಮಾತು ಓದಿ ಅತ್ತೆಯವರಿಗೂ ತೋರಿಸಿದೆ. ನೋವಾಗುತ್ತದೆ ಅಂದುಕೊಂಡಿದ್ದೆ. ಅವರು "ಇದನ್ನು ನನಗೇ ಕೇಳಬಾರದಿತ್ತಾ, ಮಗಳೇ" ಅಂದರು.

ಅಂಗಳದಲ್ಲಿ ನಿಂತ ದೊಡ್ಡ ಮಗನನ್ನು ಮರೆಯಲಾಗುತ್ತಿಲ್ಲ. ನನ್ನ ವಾರಗಿತ್ತಿಯ ಜೊತೆ ನಾನು ಮಾತು ಬಿಟ್ಟಿದ್ದೇನೆ. ತಪ್ಪು ಅವಳದ್ದೇ. ಆದರೂ ಆ ಕಥೆ ಓದುವಾಗ ಅವಳ ಮುಖವೇ ಬಂತು.

ಹೊಸಜೀವ ಅಣ್ಣಾ, ನೀವು ಪ್ರೀತಿಯಿಂದ ಬರೆದಿದ್ದೀರಿ, ಗೊತ್ತಾಗುತ್ತದೆ. ಆದರೆ ನನಗೆ ಇದೇ ಜೀರ್ಣ ಆಗುವುದಿಲ್ಲ. ಜೀವನವಿಡೀ ಕೊಲೆ ಸುಲಿಗೆ ಮಾಡಿ ಕೊನೆಗಳಿಗೆಯಲ್ಲಿ ಕ್ಷಮಿಸು ಅಂದವನು ಒಳಗೆ, ನಮ್ಮ ಅಪ್ಪ ಹೊರಗೆ? ಅಂಥ ದೇವರನ್ನು ಪ್ರೀತಿಸುವುದು ಹೇಗೆ? ಭಯಪಡಬಹುದು, ಪ್ರೀತಿಸಲಾಗದು.

ಉತ್ತರ: ಕುಲಶೇಖರದವನು

ಅಕ್ಕಾ, ನಾನು ಮಂಗಳೂರಿನ ಕಥೋಲಿಕ. ಕೊನೆಗಳಿಗೆಯ ಮಾತಿನಿಂದ ಶುರು ಮಾಡುತ್ತೇನೆ.

ಯೇಸುವಿನ ಪಕ್ಕದ ಶಿಲುಬೆಯಲ್ಲಿದ್ದ ಕಳ್ಳನಿಗೆ ಪರದೈಸು ಸಿಕ್ಕಿತು ಅನ್ನುವುದು ನಿಜ. ಅದಕ್ಕೆ ನಾವೆಲ್ಲ ಸಂತೋಷಪಡುತ್ತೇವೆ. ಆದರೆ ಕ್ಷಮಿಸು ಅಂದರೆ ಎಲ್ಲ ಅಳಿಸಿಹೋಯಿತು ಅಂತ ನಮ್ಮ ಸಭೆ ಕಲಿಸುವುದಿಲ್ಲ. ನಾವು ಫಾದರ್ ಹತ್ತಿರ ಪಾಪನಿವೇದನೆ ಮಾಡುತ್ತೇವೆ. ಕದ್ದವನು ಕದ್ದದ್ದನ್ನು ತಿರುಗಿ ಕೊಡಬೇಕು. ಹೆಸರು ಕೆಡಿಸಿದವನು ಅದನ್ನು ಸರಿ ಮಾಡಬೇಕು. ಸುಂಕದ ಜಕ್ಕಾಯ ಯೇಸುವಿನ ಮುಂದೆ ಅತ್ತು ಸುಮ್ಮನಾಗಲಿಲ್ಲ. ಆಸ್ತಿಯ ಅರ್ಧ ಬಡವರಿಗೆ, ಮೋಸದಿಂದ ತಗೊಂಡದ್ದಕ್ಕೆ ನಾಲ್ಕರಷ್ಟು ಅಂದ. ಅದು ಪಶ್ಚಾತ್ತಾಪ. ಈ ಲೋಕದಲ್ಲಿ ಪೂರ್ತಿ ಶುದ್ಧರಾಗದೆ ಸತ್ತವರನ್ನು ದೇವರು ಆಮೇಲೆಯೂ ಶುದ್ಧ ಮಾಡುತ್ತಾರೆ ಅಂತ ನಂಬುತ್ತೇವೆ. ಮೇಷ್ಟ್ರ ಸಭೆ ಅದನ್ನು ಒಪ್ಪುವುದಿಲ್ಲ.

ಕೃಪೆಯ ವಿಷಯದಲ್ಲಿ ಕಥೋಲಿಕರು ಕೆಲಸದಿಂದ ರಕ್ಷಣೆ ಅನ್ನುತ್ತಾರೆ ಅಂತ ಎಲ್ಲರೂ ತಿಳಿದುಕೊಂಡಿದ್ದಾರೆ. ಹಾಗಲ್ಲ. ಮನುಷ್ಯ ತನ್ನ ಪ್ರಯತ್ನದಿಂದಲೇ ಪಾಪವಿಲ್ಲದೆ ಬದುಕಬಹುದು ಅಂತ ಪೆಲೇಜಿಯಸ್ ಕಲಿಸಿದಾಗ ಸಂತ ಅಗಸ್ಟೀನರು ಎದುರು ನಿಂತರು. 418ರಲ್ಲಿ ಕಾರ್ಥೇಜಿನ ಸಭೆ ಆ ಬೋಧನೆಯನ್ನು ತಳ್ಳಿಹಾಕಿತು. ಪ್ರಾಟೆಸ್ಟೆಂಟ್ ಸುಧಾರಣೆ ಶುರು ಮಾಡಿದ ಲೂಥರರ ಕಾಲದಲ್ಲಿ ಇದೇ ವಿಷಯಕ್ಕೆ ಪಶ್ಚಿಮದ ಸಭೆ ಒಡೆದದ್ದೂ ನಿಜ. ಆದರೆ 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ಕಥೋಲಿಕ ಸಭೆ ಮತ್ತು ಲೂಥರನ್ ಒಕ್ಕೂಟ ಕೂತು ಒಂದು ಜಂಟಿ ಹೇಳಿಕೆಗೆ ಸಹಿ ಹಾಕಿದವು. ನಮ್ಮ ಯಾವ ಯೋಗ್ಯತೆಯಿಂದಲೂ ಅಲ್ಲ, ಕೃಪೆಯಿಂದಲೇ ದೇವರು ನಮ್ಮನ್ನು ಒಪ್ಪಿಕೊಳ್ಳುತ್ತಾರೆ ಅನ್ನುವುದು ಅದರ ತಿರುಳು. ಆಮೇಲೆ ಮೆಥಡಿಸ್ಟರೂ ರಿಫಾರ್ಮ್ಡ್ ಸಭೆಗಳೂ ಸೇರಿಕೊಂಡರು. ಮನೆಗಳಲ್ಲಿ ಇದು ಯಾರಿಗೂ ಗೊತ್ತಿಲ್ಲ ಅನ್ನುವುದು ನನ್ನ ಬೇಸರ.

ಈಗ ನಿಮ್ಮ ಅಪ್ಪ. ಲೋಕದ ಕಥೋಲಿಕ ಬಿಷಪ್ಪರೆಲ್ಲ ಸೇರಿದ ಎರಡನೇ ವ್ಯಾಟಿಕನ್ ಮಹಾಸಭೆ 1964ರ ನವೆಂಬರಿನಲ್ಲಿ ಸಭೆಯ ಬಗ್ಗೆ ಒಂದು ದೊಡ್ಡ ದಾಖಲೆ ಹೊರಡಿಸಿತು. ಅದರ 16ನೇ ಪರಿಚ್ಛೇದ ಇದನ್ನೇ ಹೇಳುತ್ತದೆ. ತಮ್ಮ ತಪ್ಪಿಲ್ಲದೆ ಕ್ರಿಸ್ತನ ಸುವಾರ್ತೆಯನ್ನು ತಿಳಿಯದವರು, ನಿಜವಾದ ಮನಸ್ಸಿನಿಂದ ದೇವರನ್ನು ಹುಡುಕಿ, ಮನಸ್ಸಾಕ್ಷಿ ಹೇಳಿದಂತೆ ನಡೆದರೆ, ಅವರೂ ನಿತ್ಯ ರಕ್ಷಣೆಯನ್ನು ಹೊಂದಬಹುದು ಅಂತ. ಇದು ಎಲ್ಲ ದಾರಿಯೂ ಒಂದೇ ಅನ್ನುವ ಮಾತಲ್ಲ. ಅವರಿಗೆ ಸಿಗುವ ರಕ್ಷಣೆಯೂ ಕ್ರಿಸ್ತನಿಂದಲೇ ಬರುತ್ತದೆ, ಕ್ರಿಸ್ತ ಕೆಲಸ ಮಾಡುವುದು ನಮ್ಮ ಕಣ್ಣಿಗೆ ಕಾಣುವ ಬೇಲಿಯೊಳಗೆ ಮಾತ್ರ ಅಲ್ಲ ಅನ್ನುವ ನಂಬಿಕೆ. ಹೊಸಜೀವ ಅವರು ಹೇಳಿದ ಯೋಹಾನ 14ನ್ನು ನಾವೂ ಪೂರ್ತಿ ಒಪ್ಪುತ್ತೇವೆ.

ನವೆಂಬರ್ 2 ನಮ್ಮಲ್ಲಿ ಸತ್ತವರೆಲ್ಲರ ದಿನ. ಸಮಾಧಿಗೆ ಹೂವು ಇಟ್ಟು, ಮೊಂಬತ್ತಿ ಹಚ್ಚಿ ಪ್ರಾರ್ಥನೆ ಮಾಡುತ್ತೇವೆ. ಅವತ್ತಿನ ಬಲಿಪೂಜೆಯಲ್ಲಿ ನಿಮ್ಮ ಅಪ್ಪನನ್ನೂ ನೆನೆಸಿಕೊಳ್ಳುತ್ತೇನೆ. ನಿಮಗೆ ಅಭ್ಯಂತರ ಇಲ್ಲ ತಾನೇ?

ಉತ್ತರ: ಬ್ರಹ್ಮಾವರ

ನಮ್ಮ ಸಭೆಯ ಮಾತು ಸ್ವಲ್ಪ ಸೇರಿಸುತ್ತೇನೆ. ಬ್ರಹ್ಮಾವರದಲ್ಲಿ ಕೊಂಕಣಿ ಮಾತಾಡುವ ಆರ್ಥೊಡಾಕ್ಸ್ ಸಭೆ ಇದೆ. 1889ರಲ್ಲಿ ಬಿಷಪ್ ಆಗಿ ಅಭಿಷೇಕ ಹೊಂದಿದ ಗೋವಾದ ಅಲ್ವಾರಿಸರ ಕಾಲದಿಂದ ಬಂದದ್ದು. ನಮ್ಮನ್ನು ಕರಾವಳಿಯವರೇ ಮರೆತುಬಿಡುತ್ತಾರೆ.

ಪೂರ್ವದ ಸಭೆಗಳಲ್ಲಿ ಆದಾಮನ ಅಪರಾಧ ಹುಟ್ಟುವಾಗಲೇ ನಮ್ಮ ತಲೆಯ ಮೇಲೆ ಇದೆ ಅಂತ ಹೇಳುವುದಿಲ್ಲ. ಅಪರಾಧ ಅವನದ್ದು. ನಮಗೆ ಬಂದದ್ದು ಅದರ ಫಲ, ಅಂದ್ರೆ ಸಾವು ಮತ್ತು ಸಾವಿನ ಭಯ. ಆ ಭಯದಿಂದಲೇ ನಾವು ಬಾಚಿಕೊಳ್ಳುತ್ತೇವೆ, ಹೊಡೆದಾಡುತ್ತೇವೆ, ನನ್ನದು ಅನ್ನುತ್ತೇವೆ. ಆದ್ದರಿಂದ ಅಕ್ಕ ಕೇಳಿದ ಹಾಗೆ, ಮಾಡದ ತಪ್ಪಿಗೆ ಸಹಿ ಹಾಕಿ ಅಂತ ನಮ್ಮಲ್ಲಿ ಯಾರೂ ಹೇಳುವುದಿಲ್ಲ. ನೀನೂ ಸಾಯುವವರ ಮನೆಯಲ್ಲೇ ಹುಟ್ಟಿದವಳು ಅನ್ನುತ್ತಾರೆ.

ಅದಕ್ಕೆ ನಮಗೆ ರಕ್ಷಣೆ ಅಂದ್ರೆ ಶಿಕ್ಷೆ ತಪ್ಪಿದ್ದು ಮಾತ್ರ ಅಲ್ಲ. ದೇವರು ಮನುಷ್ಯರಾಗಿ ಸಾವಿನ ಒಳಗೇ ಇಳಿದು ಅದನ್ನು ಮುರಿದರು. ನಾವು ದೇವರ ಜೀವದಲ್ಲಿ ಪಾಲುಗಾರರಾಗಲಿ ಅಂತ ದೇವರು ಮನುಷ್ಯರಾದರು ಎಂದು 4ನೇ ಶತಮಾನದಲ್ಲೇ ಸಂತ ಅಥನಾಸಿಯಸ್ ಬರೆದರು. ನೈಸಿಯಾದಲ್ಲಿ ತೀರ್ಮಾನವಾದದ್ದನ್ನು ಆಮೇಲೆ ಜೀವಮಾನವಿಡೀ ಕಾಪಾಡಿದವರು ಅವರೇ, ಅದಕ್ಕಾಗಿ ಮತ್ತೆ ಮತ್ತೆ ಗಡಿಪಾರಾದರು.

ಶುಭ ಶುಕ್ರವಾರಕ್ಕೂ ಈಸ್ಟರಿಗೂ ನಡುವಿನ ಶನಿವಾರ ನಮಗೆ ಬಹಳ ಮುಖ್ಯ. ಅಂದು ಕ್ರಿಸ್ತ ಸತ್ತವರ ಲೋಕಕ್ಕೆ ಹೋಗಿ ಅಲ್ಲಿದ್ದವರಿಗೆ ಸುವಾರ್ತೆ ಸಾರಿದರು ಅಂತ ನೆನೆಯುತ್ತೇವೆ. ಪೇತ್ರನ ಮೊದಲ ಪತ್ರದ 3 ಮತ್ತು 4ನೇ ಅಧ್ಯಾಯದಲ್ಲಿ ಅದರ ಮಾತು ಇದೆ. ತೀರಿಕೊಂಡವರಿಗಾಗಿ ಅಂದು ವಿಶೇಷವಾಗಿ ಪ್ರಾರ್ಥಿಸುತ್ತೇವೆ. ಅಪ್ಪನ ಚಿಂತೆ ಬಂದಾಗ ಆ ಶನಿವಾರವನ್ನು ನೆನೆಯಿರಿ ಅಂತ ಹೇಳಬೇಕು ಅನಿಸಿತು.

ಉತ್ತರ: ಉಡುಪಿಯ ಮೇಷ್ಟ್ರು

ಅಮ್ಮಾ, ಬಾಕಿ ಇಟ್ಟದ್ದಕ್ಕೆ ಬಂದೆ. ಇಬ್ಬರು ಒಳ್ಳೆಯ ಮಾತು ಬರೆದಿದ್ದಾರೆ. ನಾನು ನನ್ನ ಸಭೆಯಲ್ಲಿ ಕಲಿತದ್ದನ್ನು ಹೇಳುತ್ತೇನೆ.

ಸೊದೋಮಿನ ಜನರಿಗಾಗಿ ಬೇಡಿಕೊಳ್ಳುವಾಗ ಅಬ್ರಹಾಮ ದೇವರನ್ನೇ ಕೇಳುತ್ತಾನೆ, ಸರ್ವಲೋಕಕ್ಕೆ ನ್ಯಾಯ ತೀರಿಸುವವನು ನ್ಯಾಯವನ್ನೇ ನಡಿಸಬೇಕಲ್ಲವೇ ಅಂತ. ದೇವರು ಅವನನ್ನು ಬೈಯಲಿಲ್ಲ. ನೀವು ಕೇಳಿದ್ದೂ ಅದೇ ಪ್ರಶ್ನೆ. ಕೇಳಬಹುದು. ಪೇತ್ರನು ರೋಮ್ ಸೈನ್ಯದ ಕೊರ್ನೇಲ್ಯನ ಮನೆಯಲ್ಲಿ ನಿಂತು, ದೇವರು ಪಕ್ಷಪಾತಿಯಲ್ಲ, ಯಾವ ಜನಾಂಗದಲ್ಲಾದರೂ ದೇವರಿಗೆ ಭಯಪಟ್ಟು ನೀತಿ ನಡೆಸುವವರನ್ನು ಮೆಚ್ಚುತ್ತಾರೆ ಅಂತ ಹೇಳಿದ. ಅದು ಅಪೊಸ್ತಲರ ಕೃತ್ಯಗಳು 10. ಹೊಸಜೀವ ಅವರು ತೋರಿಸಿದ 4ನೇ ಅಧ್ಯಾಯದಲ್ಲಿ ಮಾತಾಡಿದವನೂ ಇದೇ ಪೇತ್ರ. ನಾನು ಎರಡನ್ನೂ ಹಿಡಿದುಕೊಂಡಿದ್ದೇನೆ. ಕ್ರಿಸ್ತನ ಹೊರತು ಯಾರಿಗೂ ರಕ್ಷಣೆ ಇಲ್ಲ. ನಿಮ್ಮ ಅಪ್ಪನಿಗೆ ನ್ಯಾಯ ತೀರಿಸುವವರೂ ಅದೇ ಕ್ರಿಸ್ತ, ತನ್ನನ್ನು ಶಿಲುಬೆಗೆ ಹಾಕಿದವರಿಗಾಗಿಯೂ ಬೇಡಿಕೊಂಡವರು. ಅವರ ಕೈಗಿಂತ ಒಳ್ಳೆಯ ಕೈ ನನಗೆ ಗೊತ್ತಿಲ್ಲ. ಮಗಳಿಗೂ ಇಷ್ಟೇ ಹೇಳಿ, ಅಜ್ಜ ಯೇಸುಸ್ವಾಮಿಯ ಕೈಯಲ್ಲಿ ಇದ್ದಾರೆ ಅಂತ. ಅದರಲ್ಲಿ ಸುಳ್ಳು ಇಲ್ಲ.

ಅವಸರ ಮಾಡಬೇಡಿ ಅನ್ನುವುದು ನನ್ನ ಸಲಹೆ. ದೀಕ್ಷಾಸ್ನಾನ ಗಂಡನ ಮನೆಗೆ ಹೊಂದಿಕೊಳ್ಳುವುದಕ್ಕೆ ತಗೊಳ್ಳುವುದಲ್ಲ. ಪಾಪದ ಅರಿಕೆ ಹೇಳಲು ಮನಸ್ಸು ಒಪ್ಪದ ದಿನ ಸುಮ್ಮನೆ ಕೂತು ಕೇಳಿ, ಯಾರೂ ಏನೂ ಅಂದುಕೊಳ್ಳುವುದಿಲ್ಲ. ನಿಮ್ಮ ಅಯ್ಯನವರನ್ನು ಕೇಳಿ ದೃಢೀಕರಣದ ಮಕ್ಕಳ ಜೊತೆ ಪಾಠಕ್ಕೆ ಕೂರಬಹುದು. ದೊಡ್ಡವರು ಬಂದರೆ ಪಾಠ ಮಾಡುವವರಿಗೆ ಖುಷಿ ಆಗುತ್ತದೆ, ನನ್ನನ್ನು ಕೇಳಿ.

ಓದುವುದಾದರೆ ಲೂಕ 15 ಮೊದಲು. ಆಮೇಲೆ ಮಾರ್ಕನ ಸುವಾರ್ತೆ. 16 ಅಧ್ಯಾಯ ಅಷ್ಟೇ, ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ. ರೋಮಾಪುರದವರಿಗೆ ಬರೆದ ಪತ್ರವನ್ನು ಒಬ್ಬರೇ ಓದಬೇಡಿ, ಕಷ್ಟ. ಅತ್ತೆಯವರ ಜೊತೆ ಕೂತು 1ರಿಂದ 8ರವರೆಗೆ ನಿಧಾನವಾಗಿ ಓದಿ. 7ನೇ ಅಧ್ಯಾಯಕ್ಕೆ ಬಂದಾಗ, ಮಾಡಬೇಕು ಅಂದುಕೊಂಡ ಒಳ್ಳೆಯದನ್ನು ಮಾಡಲಾಗುತ್ತಿಲ್ಲ ಅಂತ ಪೌಲ ಗೋಳಾಡುವುದು ಸಿಗುತ್ತದೆ. ವಾರಗಿತ್ತಿಯ ವಿಷಯ ಬರೆದಿರಲ್ಲ, ಆ ಅಧ್ಯಾಯ ಓದಿ ಇಲ್ಲಿಗೆ ಬನ್ನಿ, ಅಲ್ಲಿಂದ ಮುಂದುವರಿಸೋಣ.